ಒಂಬತ್ತರ ಜರಡಿ

ಮುಂಬಯಿಯ ವಾಹನಗಳ ನಂಬರ್ ಪ್ಲೇಟು ತಾಡದೇವದ ಎಂಎಚ್ 01 ಆಗಿರಲಿ, ಅಂಧೇರಿಯ ಎಂಎಚ್ 02 ಆಗಿರಲಿ, ಬೊರಿವಲಿಯ ಎಂಎಚ್ 47 ಆಗಿರಲಿ, ಅದರ ಕೊನೆಯಲ್ಲಿ ಬರುವ ನಾಲ್ಕು ಅಂಕಿಗಳಿಗೆ ಎರಡು ಬಗೆಯ ಓದುಗರಿದ್ದಾರೆ. ಆ ಅಂಕಿಗಳನ್ನು ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿ, ಕಡೆಗೆ ಉಳಿಯುವ ಒಂದೇ ಅಂಕಿಯಲ್ಲಿ ಮಾಲೀಕನ ಭಾಗ್ಯವನ್ನು ಕಾಣುವವರು ಒಂದು ಬಗೆ. ಅವೇ ಅಂಕಿಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ, ಮೊದಲೇ ಗೊತ್ತುಮಾಡಿಕೊಂಡ ಗುರಿಸಂಖ್ಯೆಯನ್ನು ಮುಟ್ಟಲು ಹವಣಿಸುವ ಒಗಟುಪ್ರಿಯರು ಇನ್ನೊಂದು ಬಗೆ. ಅಂಕಿಗಳನ್ನು ಕೂಡುವ ಕ್ರಿಯೆ ಇಬ್ಬರಿಗೂ ಸಮಾನವಾದರೂ, ಅದು ಒಬ್ಬರ ಕೈಯಲ್ಲಿ ಮೂಢನಂಬಿಕೆಯಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಅಂಕಗಣಿತದ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಉಪಕರಣವಾಗುತ್ತದೆ.

ಒಗಟಿನ ನಿಯಮ ಸರಳವಾದುದು. ನಾಲ್ಕು ಅಂಕಿಗಳಲ್ಲಿ ಪ್ರತಿಯೊಂದನ್ನೂ ಒಮ್ಮೆ ಮಾತ್ರ ಬಳಸಬೇಕು, ಕ್ರಮವನ್ನು ಬೇಕಾದಂತೆ ಬದಲಿಸಬಹುದು, ಆವರಣಗಳನ್ನು ಹಾಕಬಹುದು, ಕೊನೆಗೆ ಬರುವ ಉತ್ತರ 10 ಆಗಿರಬೇಕು. ನಾಲ್ಕು ಅಂಕಿಗಳನ್ನು 24 ಕ್ರಮಗಳಲ್ಲಿ ಜೋಡಿಸಬಹುದಾದ್ದರಿಂದ, ಅವುಗಳ ನಡುವಣ ಮೂರು ಸ್ಥಳಗಳಲ್ಲಿ ನಾಲ್ಕು ಚಿಹ್ನೆಗಳನ್ನು 64 ವಿಧವಾಗಿ ತುಂಬಬಹುದಾದ್ದರಿಂದ, ಆವರಣಗಳನ್ನು 5 ರೀತಿಯಲ್ಲಿ ಹಾಕಬಹುದಾದ್ದರಿಂದ, ಒಟ್ಟು ಪ್ರಯತ್ನಗಳು 24, 64, 5 ಇವುಗಳ ಗುಣಲಬ್ಧವಾದ 7680ನ್ನು ಮೀರುವುದಿಲ್ಲ. ಕಂಪ್ಯೂಟರಿಗೆ ಇದು ಕ್ಷಣಮಾತ್ರದ ಕೆಲಸ. ಕ್ರಮವನ್ನು ಲೆಕ್ಕಿಸದೆ ನೋಡಿದರೆ ನಾಲ್ಕು ಅಂಕಿಗಳ ಗುಂಪುಗಳು 715 ಇದ್ದು, ಅವುಗಳಲ್ಲಿ 552 ಗುಂಪುಗಳಿಂದ 10ನ್ನು ಪಡೆಯಬಹುದೆಂದು ಎಲ್ಲವನ್ನೂ ಪರೀಕ್ಷಿಸಿ ಕಂಡುಕೊಳ್ಳಲಾಗಿದೆ. ಸೊನ್ನೆಯಿಲ್ಲದ, ಒಂದೂ ಪುನರಾವರ್ತನೆಯಾಗದ ನಾಲ್ಕು ಅಂಕಿಗಳಿದ್ದರಂತೂ ಅಂಥ 126 ಗುಂಪುಗಳಲ್ಲಿ ಒಂದೂ ಸೋಲುವುದಿಲ್ಲ.

ಆದರೂ ಕೆಲವು ಗುಂಪುಗಳು ಗಂಟೆಗಟ್ಟಲೆ ಕಾಡುತ್ತವೆ. 1, 1, 5, 8 ಇವುಗಳನ್ನು ತೆಗೆದುಕೊಂಡರೆ, ಕೂಡಿ ಗುಣಿಸಿ ಸುತ್ತಿ ಬಳಸಿ 9, 11, 12 ಎಲ್ಲವೂ ಸಿಗುತ್ತವೆ, 10 ಮಾತ್ರ ಕೈಗೆ ಬರುವುದಿಲ್ಲ. ನಡುವಿನ ಹಂತಗಳೆಲ್ಲ ಪೂರ್ಣಾಂಕಗಳೇ ಆಗಿರಬೇಕೆಂದು ಮನಸ್ಸು ತನಗೆ ತಾನೇ ವಿಧಿಸಿಕೊಳ್ಳುವ ಕಟ್ಟಳೆಯೇ ಇದಕ್ಕೆ ಕಾರಣ, ಏಕೆಂದರೆ ನಿಯಮದಲ್ಲಿ ಎಲ್ಲಿಯೂ ಅಂಥ ಮಾತಿಲ್ಲ. ಇಲ್ಲಿ ನೆರವಿಗೆ ಬರುವುದು ಆರ್ಯಭಟನು ಕ್ರಿ.ಶ. 499ರಲ್ಲಿ ಹೇಳಿದ, ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿ ವಿವರಿಸಿದ ವಿಲೋಮ ವಿಧಾನ, ಅಂದರೆ ಉತ್ತರದಿಂದ ಹಿಂದಕ್ಕೆ ನಡೆಯುತ್ತ ಗುಣಾಕಾರವಿದ್ದಲ್ಲಿ ಭಾಗಾಕಾರವನ್ನೂ ಕೂಡಿಸುವಲ್ಲಿ ಕಳೆಯುವುದನ್ನೂ ಮಾಡುವ ಕ್ರಮ. ಗುರಿ 10, ಕೈಯಲ್ಲಿರುವ ದೊಡ್ಡ ಅಂಕಿ 8; ಹಾಗಾದರೆ 8ನ್ನು ಯಾವುದರಿಂದ ಭಾಗಿಸಿದರೆ 10 ಬರುತ್ತದೆ ಎಂದು ಕೇಳಿಕೊಂಡರೆ, ಐದರಲ್ಲಿ ನಾಲ್ಕು ಭಾಗದಿಂದ ಎಂಬ ಉತ್ತರ ತಾನಾಗಿ ಬರುತ್ತದೆ. ಉಳಿದಿರುವ 1, 1, 5 ಇವುಗಳಿಂದ ಅದನ್ನು ಪಡೆಯುವುದು ಕಷ್ಟವಲ್ಲ, ಒಂದರಿಂದ ಐದನೆಯ ಒಂದು ಭಾಗವನ್ನು ಕಳೆದರಾಯಿತು. ಹೀಗೆ 8÷(1−1÷5) = 10. ರಾಬರ್ಟ್ ಸನ್ ಎಂಬವರು 1988ರಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ, ಗುರಿ 24 ಆಗಿರುವ ಕಾರ್ಡುಗಳ ಆಟದಲ್ಲಿಯೂ ಹೆಸರಾಂತ ಕಠಿಣ ಗುಂಪಾದ 3, 3, 8, 8ಕ್ಕೆ ಇದೇ ಕೀಲಿ: 8÷(3−8÷3) = 24.

ಮೊದಲು ಹೇಳಿದ ಅಂಕಿ ಕೂಡುವ ಕ್ರಿಯೆಯ ಬೇರು ಇರುವುದು ಒಂಬತ್ತರಲ್ಲಿ; ಅದರ ನಿಜವಾದ ಮಹಿಮೆ ಕಾಣುವುದು ಇದಕ್ಕಿಂತ ಹಳೆಯ ಇನ್ನೊಂದು ಒಗಟಿನಲ್ಲಿ. 1ರಿಂದ 9ರವರೆಗಿನ ಅಂಕಿಗಳನ್ನು ಅದೇ ಕ್ರಮದಲ್ಲಿ ಬರೆದು, ನಡುನಡುವೆ ಕೂಡುವ ಅಥವಾ ಕಳೆಯುವ ಚಿಹ್ನೆಯನ್ನು ಹಾಕಿ, ಬೇಕಾದಲ್ಲಿ ಚಿಹ್ನೆಯನ್ನು ಬಿಟ್ಟು ಅಂಕಿಗಳನ್ನು ಒಟ್ಟಿಗೆ ಓದಿ, 100ನ್ನು ಪಡೆಯಬೇಕು. ಅಂಕಿಗಳ ನಡುವೆ ಎಂಟು ಸಂದುಗಳಿದ್ದು ಪ್ರತಿ ಸಂದಿಗೂ ಮೂರು ಆಯ್ಕೆಗಳಿರುವುದರಿಂದ 6561 ಸಾಲುಗಳು ಸಾಧ್ಯ, ಅವುಗಳಲ್ಲಿ ಗುರಿ ಮುಟ್ಟುವವು 11 ಮಾತ್ರ. 123−45−67+89 ಇವುಗಳಲ್ಲಿ ಅತಿ ಚಿಕ್ಕದು, 123+45−67+8−9 ಇನ್ನೊಂದು, 1+2+3−4+5+6+78+9 ಮತ್ತೊಂದು. ಕೂಡುವ ಚಿಹ್ನೆಗಳಿಂದಲೇ 100ನ್ನು ಪಡೆಯಲು ಹೊರಟವರು ಎಷ್ಟು ಕಾಲ ಕಳೆದರೂ ಗೆಲ್ಲಲಾರರು. ಅದು ಅವರ ಜಾಣತನದ ಕೊರತೆಯಲ್ಲ, ಸಂಖ್ಯೆಗಳ ಸ್ವಭಾವವೇ ಅಂಥದು.

ಕಾರಣ ಹೀಗಿದೆ. 10 ಎಂದರೆ 9ಕ್ಕೆ ಒಂದು ಹೆಚ್ಚು, 100 ಎಂದರೆ 99ಕ್ಕೆ ಒಂದು ಹೆಚ್ಚು, 1000 ಎಂದರೆ 999ಕ್ಕೆ ಒಂದು ಹೆಚ್ಚು. ಆದ್ದರಿಂದ 4785ರಂಥ ಸಂಖ್ಯೆಯಿಂದ ಒಂಬತ್ತುಗಳನ್ನೆಲ್ಲ ತೆಗೆದುಹಾಕಿದರೆ ಸಾವಿರದ ಸ್ಥಾನದ 4 ನಾಲ್ಕಾಗಿ, ನೂರರ ಸ್ಥಾನದ 7 ಏಳಾಗಿ, ಪ್ರತಿ ಅಂಕಿಯೂ ತನ್ನ ಸ್ಥಾನಬಲವನ್ನು ಕಳೆದುಕೊಂಡು ಬರಿಯ ಅಂಕಿಯಾಗಿ ಉಳಿಯುತ್ತದೆ. ಅಂಕಿಗಳ ಮೊತ್ತ 24, ಅದರ ಅಂಕಿಗಳ ಮೊತ್ತ 6. 4785ನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ 6. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡುವುದೆಂದರೆ ಒಂಬತ್ತರಿಂದ ಭಾಗಿಸಿ ಶೇಷವನ್ನು ನೋಡುವುದು, ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಶೇಷ ಸೊನ್ನೆಯಾದಾಗ ಮಾತ್ರ ಮೊತ್ತ 9 ಎಂದು ಕಾಣುತ್ತದೆ. ಗುಣಾಕಾರ ಭಾಗಾಕಾರಗಳ ಉತ್ತರ ಸರಿಯೇ ಎಂದು ನೋಡಲು ಇದನ್ನು ಬಳಸುವ ಕ್ರಮವನ್ನು ಎರಡನೆಯ ಆರ್ಯಭಟನು ಹತ್ತನೆಯ ಶತಮಾನದ ‘ಮಹಾಸಿದ್ಧಾಂತ’ದಲ್ಲಿ ಕೊಟ್ಟಿದ್ದಾನೆ.

ಈ ಜರಡಿಯಲ್ಲಿ ಒಗಟನ್ನು ಹಾಕಿ ನೋಡಬಹುದು. 1ರಿಂದ 9ರವರೆಗಿನ ಮೊತ್ತ 45, ಅದು ಒಂಬತ್ತರ ಅಪವರ್ತ್ಯ. ಅಂಕಿಗಳನ್ನು ಹೇಗೆ ಅಂಟಿಸಿ ಕೂಡಿದರೂ ಬರುವುದು ಒಂಬತ್ತರ ಅಪವರ್ತ್ಯವೇ. 100ನ್ನು ಒಂಬತ್ತರಿಂದ ಭಾಗಿಸಿದರೆ ಶೇಷ 1 ಬರುವುದರಿಂದ ಕೂಡುವುದೊಂದರಿಂದಲೇ ಗುರಿ ಅಸಾಧ್ಯ. ಕೂಡಬೇಕಾದ ಅಂಕಿಯೊಂದನ್ನು ಕಳೆದಾಗ ಒಟ್ಟು ಮೊತ್ತ ಆ ಅಂಕಿಯ ಎರಡರಷ್ಟು ಕುಗ್ಗುತ್ತದೆ. ಶೇಷ ಸೊನ್ನೆಯಿಂದ ಒಂದಕ್ಕೆ ಬರಬೇಕಾದರೆ ಕಳೆದ ಅಂಕಿಗಳ ಮೊತ್ತವನ್ನು ಒಂಬತ್ತರಿಂದ ಭಾಗಿಸಿದಾಗ ನಾಲ್ಕೇ ಉಳಿಯಬೇಕು, ಅಂದರೆ ಆ ಮೊತ್ತ 4, 13, 22 ಹೀಗಿರಬೇಕು. ಮೇಲಿನ ಉತ್ತರಗಳನ್ನು ಪರೀಕ್ಷಿಸಿದರೆ ಮೊದಲನೆಯದರಲ್ಲಿ ಕಳೆದ ಅಂಕಿಗಳು 4, 5, 6, 7, ಮೊತ್ತ 22. ಎರಡನೆಯದರಲ್ಲಿ 6, 7, 9, ಮೊತ್ತ ಮತ್ತೆ 22. ಮೂರನೆಯದರಲ್ಲಿ ಒಂಟಿ 4. ಉಳಿದ ಎಂಟೂ ಇದೇ ಕಟ್ಟಿಗೆ ಒಳಪಟ್ಟಿವೆ. ಪೆನ್ಸಿಲ್ ಹಿಡಿದು ಕುರುಡಾಗಿ ತಡಕುವವನಿಗೂ, ಯಾವ ಅಂಕಿಗಳ ಹಿಂದೆ ಕಳೆಯುವ ಚಿಹ್ನೆ ಬರಬಹುದೆಂದು ತಿಳಿದು ಹುಡುಕುವವನಿಗೂ ಇರುವ ಅಂತರ ಇಷ್ಟೇ.

ಒಂಬತ್ತರ ಈ ಗುಣವನ್ನು ಜೀವನದುದ್ದಕ್ಕೂ ಬೆನ್ನಟ್ಟಿದವರು ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಲ್ಕಂಕಿಯ ಯಾವುದೇ ಸಂಖ್ಯೆಯನ್ನು, ನಾಲ್ಕೂ ಅಂಕಿಗಳು ಒಂದೇ ಆಗಿರದಿದ್ದರೆ ಸಾಕು, ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆದು, ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಏಳು ಹಂತಗಳೊಳಗೆ 6174 ಬಂದೇ ಬರುತ್ತದೆಂದು ಅವರು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ಉಳಿದ ಒಗಟುಗಳಲ್ಲಿ ಗುರಿಯನ್ನು ಮನುಷ್ಯ ಆರಿಸುತ್ತಾನೆ. ಇಲ್ಲಿ ಸಂಖ್ಯೆಗಳೇ ತಮ್ಮ ಗುರಿಯನ್ನು ಆರಿಸಿಕೊಂಡಿವೆ. 4785 ಎರಡೇ ಹಂತಗಳಲ್ಲಿ, 8754−4578 = 4176, 7641−1467 = 6174 ಎಂದು, ಮನೆ ಸೇರುತ್ತದೆ. ಕಾಪ್ರೇಕರರ ಜನ್ಮಶತಾಬ್ದಿಯ ವರ್ಷವಾದ 2005 ಮಾತ್ರ 5175, 5994, 5355, 1998, 8082, 8532 ಎಂದು ಊರೆಲ್ಲ ಸುತ್ತಿ ಏಳನೆಯ ಹಂತದಲ್ಲಿ 6174ನ್ನು ತಲುಪುತ್ತದೆ.

ಇಳಿಕೆಯ ಕ್ರಮದಲ್ಲಿಟ್ಟ ಅಂಕಿಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರವನ್ನು 999ರಿಂದ, ನಡುವಿನ ಎರಡಕ್ಕೂ ಇರುವ ಅಂತರವನ್ನು 90ರಿಂದ ಗುಣಿಸಿ ಕೂಡಿದರೆ ಬರುವುದೇ ಮೊದಲ ಹಂತದ ಉತ್ತರ. ಎರಡೂ ಒಂಬತ್ತರ ಅಪವರ್ತ್ಯಗಳಾದ್ದರಿಂದ ಉತ್ತರಗಳೆಲ್ಲ ಅದೇ ಜಾತಿಯವು. ಅಷ್ಟೇ ಅಲ್ಲ, ಈ ಎರಡು ಅಂತರಗಳ ಜೋಡಿಗಳು 54 ಮಾತ್ರ ಇರುವುದರಿಂದ, ಹತ್ತು ಸಾವಿರದಷ್ಟಿದ್ದ ಗುಂಪು ಒಂದೇ ಹೆಜ್ಜೆಗೆ 54ಕ್ಕೆ ಇಳಿದುಬಿಡುತ್ತದೆ. ಆಮೇಲೆ ಎಲ್ಲವನ್ನೂ ಕೈಯಿಂದಲೇ ಲೆಕ್ಕ ಹಾಕಿ ತೀರ್ಮಾನಿಸಬಹುದು. ಪವಾಡದಂತೆ ಕಂಡದ್ದು ಹೀಗೆ ಅರ್ಧ ಗಂಟೆಯ ಲೆಕ್ಕವಾಗುತ್ತದೆ, ಆದರೂ ಅದರ ಸೊಗಸು ಕುಂದುವುದಿಲ್ಲ. ಭಾರತದಲ್ಲಿ ಹಲವರು ಕ್ಷುಲ್ಲಕವೆಂದು ನಕ್ಕಿದ್ದ ಈ ಶೋಧವನ್ನು ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಮಾಸ್ತರರ ಹೆಸರನ್ನು ಕಲಿಯಿತು.

ಕಾಪ್ರೇಕರರು ಇನ್ನೊಂದು ಕುಟುಂಬದ ಸಂಖ್ಯೆಗಳಿಗೆ ಡೆಮ್ಲೋ ಸಂಖ್ಯೆಗಳೆಂದು ಹೆಸರಿಟ್ಟಿದ್ದು, ಅವುಗಳ ವಿಚಾರ ಹೊಳೆದ, ಮುಂಬಯಿಯಿಂದ ಮೂವತ್ತು ಮೈಲಿ ದೂರದ ರೈಲು ನಿಲ್ದಾಣದ ಹೆಸರು ಅದು. ಇಂದು ಲಕ್ಷಾಂತರ ಜನ ಲೋಕಲ್ ಹಿಡಿಯುವ ಡೊಂಬಿವಲಿಯೇ ಆ ನಿಲ್ದಾಣ. 11ರ ವರ್ಗ 121, 111ರ ವರ್ಗ 12321, ಹೀಗೆ ಬೆಳೆದು 111111ರ ವರ್ಗ 12345654321 ಆಗುವ ಸಾಲು ಈ ಕುಟುಂಬದ ಅತಿ ಚೆಲುವಾದ ಶಾಖೆ. ಈ ಕೊನೆಯ ಸಂಖ್ಯೆ ಕನ್ನಡನಾಡಿಗೆ ಹೊಸದಲ್ಲ. ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ, ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಅರಸರ ಕಂಠಾಭರಣಗಳೆಂದು ಕರೆದು ಕೊಟ್ಟಿದ್ದು, 27994681ನ್ನು 441ರಿಂದ ಗುಣಿಸಿದಾಗ ಬರುವ 12345654321 ಅವುಗಳಲ್ಲಿ ಒಂದು, 139ನ್ನು 109ರಿಂದ ಗುಣಿಸಿದರೆ ಬರುವ 15151 ಇನ್ನೊಂದು. ಗುರಿಯನ್ನು ಮೊದಲು ಆರಿಸಿ ಅದಕ್ಕೆ ತಕ್ಕ ಅಂಕಿಗಳನ್ನು ಆಮೇಲೆ ಹೊಂದಿಸುವ ಆಟ ಅಂದಿಗೇ ಪಳಗಿದ ಕೈಗಳಲ್ಲಿತ್ತು. ಅದೇ ಅಮೋಘವರ್ಷನ ಆಳ್ವಿಕೆಯನ್ನು ಹೇಳುವ ಶಾಸನಗಳು ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಇಂದಿಗೂ ಇವೆ.

ಇಷ್ಟು ತಿಳಿದ ಮೇಲೆ, ಅಂಕಿಗಳ ಮೊತ್ತ 9 ಬರುವ ನಂಬರಿಗಾಗಿ ಸಾರಿಗೆ ಕಚೇರಿಗೆ ಹೆಚ್ಚುವರಿ ಶುಲ್ಕ ಕಟ್ಟುವವರು ಕೊಂಡದ್ದೇನು ಎಂಬುದು ಸ್ಪಷ್ಟವಾಗುತ್ತದೆ. 1ರಿಂದ 9999ರವರೆಗಿನ ಸಂಖ್ಯೆಗಳಲ್ಲಿ ಒಂಬತ್ತರ ಅಪವರ್ತ್ಯಗಳು ಸರಿಯಾಗಿ 1111. ಉಳಿದ ಎಂಟು ಶೇಷಗಳಿಗೂ ತಲಾ 1111. ನಂಬರ್‌ಗಳ ಪ್ರತಿ ಶ್ರೇಣಿಯಲ್ಲಿಯೂ ಒಂಬತ್ತನೆಯ ಒಂದು ಪಾಲಿಗೆ ಪುಕ್ಕಟೆಯಾಗಿ ದೊರೆಯುವ ಗುಣವನ್ನು ಹಣ ಕೊಟ್ಟು ಪಡೆದಂತಾಯಿತು. ಇನ್ನು ಆ ಗುಣ ಸಂಖ್ಯೆಯದೂ ಅಲ್ಲ, ಮನುಷ್ಯ ಹತ್ತರಂತೆ ಎಣಿಸುವ ರೂಢಿಯದು. ಎಂಟರ ಗುಂಪುಗಳಲ್ಲಿ ಎಣಿಸಿದರೆ 4785 ಎಂಬುದನ್ನು 11261 ಎಂದು ಬರೆಯಬೇಕಾಗುತ್ತದೆ, ಆಗ ಅಂಕಿಗಳನ್ನು ಕೂಡುವುದು ಏಳರಿಂದ ಭಾಗಿಸಿದ ಶೇಷವನ್ನು ತೋರಿಸುತ್ತದೆ, 6 ಇದ್ದ ಭಾಗ್ಯಾಂಕ 4 ಆಗಿಬಿಡುತ್ತದೆ. ಕಾರು ಅದೇ, ರಸ್ತೆ ಅದೇ, ಚಾಲಕನ ಎಚ್ಚರವೂ ಅದೇ. ಎಣಿಕೆಯ ರೂಢಿ ಬದಲಾದೊಡನೆ ಬದಲಾಗುವ ಭಾಗ್ಯವನ್ನು ನಂಬಿ ಬ್ರೇಕಿನ ಮೇಲಿನ ಗಮನ ಬಿಡುವುದು ವಿವೇಕವಲ್ಲ.

ಅಂಕಿಗಳ ಪ್ರತಿಭೆಯೂ ಜ್ಯೋತಿಷ್ಯದ ನಂಬಿಕೆಯೂ ಒಂದೇ ತಲೆಯಲ್ಲಿ ಜೊತೆಗಿರಬಲ್ಲವು ಎಂಬುದಕ್ಕೆ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರೇ ಉದಾಹರಣೆ. 1980ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ದಕ್ಷಿಣ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಸೋತ ಅವರು ಜ್ಯೋತಿಷ್ಯದ ಪುಸ್ತಕವನ್ನೂ ಬರೆದವರು. ಅದೇ ವರ್ಷ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870ನ್ನು 2465099745779ರಿಂದ ಗುಣಿಸಿ, 28 ಸೆಕೆಂಡುಗಳಲ್ಲಿ 18947668177995426462773730 ಎಂದು ಉತ್ತರ ಹೇಳಿದರು. ಈ ಉತ್ತರವನ್ನು ಜರಡಿಗೆ ಹಾಕಲು ಅವರ ಪ್ರತಿಭೆ ಬೇಕಿಲ್ಲ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಇವೆರಡರ ಗುಣಲಬ್ಧ 12, ಶೇಷ 3. ಉತ್ತರದ ಇಪ್ಪತ್ತಾರು ಅಂಕಿಗಳ ಮೊತ್ತ 138, ಅದರ ಶೇಷವೂ 3. ಇದರಿಂದ ಉತ್ತರ ಸರಿಯೆಂದು ಸಾಧಿತವಾಗುವುದಿಲ್ಲ, ಏಕೆಂದರೆ ಎರಡು ಅಂಕಿಗಳು ಅದಲುಬದಲಾಗಿದ್ದರೆ ಜರಡಿಗೆ ಅದು ತಿಳಿಯುವುದೇ ಇಲ್ಲ. ಶೇಷಗಳು ಹೊಂದದಿದ್ದರೆ ಮಾತ್ರ ಎಲ್ಲೋ ತಪ್ಪಿದೆಯೆಂದು ಖಚಿತವಾಗಿ ಹೇಳಬಹುದು. ತನಗೆ ಗೊತ್ತಿಲ್ಲದ್ದನ್ನು ಹೇಳಹೊರಡದ ಈ ಸಂಯಮವೇ ಭವಿಷ್ಯ ನುಡಿಯುವವನ ಒಂಬತ್ತಿಗೂ ಗಣಿತದ ಒಂಬತ್ತಿಗೂ ಇರುವ ವ್ಯತ್ಯಾಸ.

ಓದುಗರ ಪಾಲಿಗೆ ಒಂದು ಗುಂಪು ಉಳಿದಿದೆ: 3, 4, 7, 8, ಗುರಿ 10. ಗುಣಾಕಾರ ಭಾಗಾಕಾರಗಳಿಗೆ ಅವಕಾಶವಿರುವ ಈ ಒಗಟಿನಲ್ಲಿ ಒಂಬತ್ತರ ಜರಡಿ ಹೆಚ್ಚು ನೆರವಾಗದು, ವಿಲೋಮ ವಿಧಾನವೇ ಗತಿ. 8ನ್ನು ನಾಲ್ಕನೆಯ ಐದು ಭಾಗದಿಂದ, ಅಂದರೆ ಒಂದೂಕಾಲರಿಂದ, ಗುಣಿಸಿದರೆ 10 ಬರುತ್ತದೆ. 3, 4, 7 ಇವುಗಳಿಂದ ಒಂದೂಕಾಲನ್ನು ಪಡೆಯಲು ಒಂದು ಕಳೆಯುವಿಕೆ, ಒಂದು ಭಾಗಾಕಾರ ಸಾಕು.