‘ಗಿಫ್ಟ್’ ಎಂದು ಬರೆದರೆ ಸುಂಕ ತಪ್ಪದು

ಗಲ್ಫ್‌ನಲ್ಲಿರುವ ಮಕ್ಕಳು ಈಗ ಊರಿಗೆ ಬರುವವರೆಗೆ ಕಾಯುವುದಿಲ್ಲ. ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಖರೀದಿಸಿ ಉಮ್ಮನಿಗೋ, ತಂಗಿಗೋ ಪಾರ್ಸೆಲ್ ಕಳಿಸುತ್ತಾರೆ. ಮೇಲೆ ‘ಗಿಫ್ಟ್’ ಅಂತ ಬರೆದರೆ ಕಸ್ಟಮ್ಸ್ ಸುಂಕ ಇಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅದು ಹಳೆಯ ಮಾತು.

ಹಿಂದೆ ಒಂದು ಮಿತಿಯವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. ಮಾರಾಟದ ಸರಕೂ ಗಿಫ್ಟ್ ಹೆಸರಲ್ಲಿ ಬರತೊಡಗಿದಾಗ, 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ನಿಯಮ ಬದಲಿಸಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಗಿಫ್ಟ್ ಲೆಕ್ಕದಲ್ಲಿ ಬರಬಹುದಾದದ್ದು ಜೀವರಕ್ಷಕ ಔಷಧಿ ಮತ್ತು ರಾಖಿ ಮಾತ್ರ. ಉಳಿದದ್ದಕ್ಕೆ ಸುಂಕ ಕಟ್ಟಬೇಕು. ವಿಮಾನದಲ್ಲಿ ಜೊತೆಗೆ ತರುವ ಸಾಮಾನಿಗೆ ಬೇರೆ ನಿಯಮ.

ಲೆಕ್ಕ ಹೇಗೆ? ಸಾಮಾನಿನ ಬೆಲೆಗೆ ಸಾಗಾಟದ ಖರ್ಚು, ವಿಮೆ ಸೇರುತ್ತದೆ. ಅದು 10,000 ರೂ. ಆಯಿತು, ಸುಂಕ ಶೇ. 20 ಎಂದಿಟ್ಟುಕೊಳ್ಳಿ. ಸುಂಕ 2,000 ರೂ., ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 200 ರೂ. ಈ ಒಟ್ಟು 12,200 ರೂ. ಮೇಲೆ ಜಿಎಸ್‌ಟಿ, ಶೇ. 18 ಆದರೆ 2,196 ರೂ. ಅಂದರೆ ಹತ್ತು ಸಾವಿರದ ಸಾಮಾನು ಮನೆ ಸೇರುವಾಗ 14,396 ರೂ. ಸುಂಕದ ದರ ಸಾಮಾನಿನ ಮೇಲೆ ಹೋಗುತ್ತದೆ. ಕೊರಿಯರ್‌ನವರ ಶುಲ್ಕ ಪ್ರತ್ಯೇಕ.

ಬೆಲೆ ಕಡಿಮೆ ತೋರಿಸಿದರೆ ದಂಡ ಬೀಳಬಹುದು, ಪಾರ್ಸೆಲ್ ಮುಟ್ಟುಗೋಲೂ ಆಗಬಹುದು. ಆದ್ದರಿಂದ ಕಳಿಸುವವರಿಗೆ ಮೊದಲೇ ಹೇಳಿ: ಸರಿಯಾದ ಬಿಲ್ ಇಡಲಿ, ಆರ್ಡರ್ ಮಾಡುವಾಗ ಸುಂಕ ಸೇರಿದೆಯೇ ನೋಡಲಿ. ಅದೇ ಸಾಮಾನು ಮಂಗಳೂರಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ಸಿಕ್ಕೀತು.