ಪುಟ್ಟ ಕಾರು ಪೋರ್ಷೆಯನ್ನು ಹಿಡಿಯಬಲ್ಲದೇ?

ಮೋಟಾರು ವಾಹನಗಳನ್ನು ಕುರಿತ ಚರ್ಚೆಯೊಂದನ್ನು ನಾವು ಚಿತ್ರೀಕರಿಸುತ್ತಿದ್ದಾಗ, ಪ್ರೇಕ್ಷಕರ ಸಾಲಿನಲ್ಲಿದ್ದ ಪಿ.ಯು. ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: "ಸರ್, ನಮ್ಮ ಮನೇಲಿರೋ ಸ್ವಿಫ್ಟ್‌ಗೆ ಟರ್ಬೊ ಹಾಕ್ಸಿದ್ರೆ ಪೋರ್ಷೆನ ಹಿಡೀಬಹುದಾ?" ಎಲ್ಲರೂ ನಕ್ಕರು. ಅತಿಥಿಗಳೂ ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಸಂಕಲನದ ಹೊತ್ತಿಗೆ ಸಮಯ ಸಾಲದೆ ಆ ಪ್ರಶ್ನೆಯನ್ನು ಕತ್ತರಿಸಿದವನು ನಾನೇ. ಕತ್ತರಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಯೂರೋಪು ಮತ್ತು ಜಪಾನಿನ ಎಂಜಿನಿಯರುಗಳು ಐವತ್ತು ವರ್ಷಗಳಿಂದ ಬೆನ್ನು ಹತ್ತಿರುವ ಪ್ರಶ್ನೆ ಅದು. ಉತ್ತರದ ಮುಕ್ಕಾಲು ಪಾಲು ನಿಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲೇ ಇದೆ.

ಮೊದಲಿಗೆ ಒಂದು ಹಳೆಯ ಕಥೆ. 1970ರ ದಶಕದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಗಾಲ್ಫ್ ಎಂಬ ಸಾಧಾರಣ ಹ್ಯಾಚ್‌ಬ್ಯಾಕ್ ಕಾರನ್ನು ತಯಾರಿಸುತ್ತಿತ್ತು. ಹ್ಯಾಚ್‌ಬ್ಯಾಕ್ ಎಂದರೆ ನಿಮಗೆ ಗೊತ್ತು: ಡಿಕ್ಕಿ ಹೊರಚಾಚದೆ, ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಗಿಡ್ಡ ಕಾರು. ಅದರ ಎಂಜಿನ್ 50 ಅಥವಾ 70 ಅಶ್ವಶಕ್ತಿಯದು. ಆಲ್ಫೋನ್ಸ್ ಲೋವೆನ್‌ಬರ್ಗ್ ಮತ್ತು ಅವರ ಕೆಲವು ಸಹೋದ್ಯೋಗಿಗಳು ಮೇಲಿನವರ ಆದೇಶಕ್ಕೆ ಕಾಯದೆ, ಬಿಡುವಿನ ವೇಳೆಯಲ್ಲಿ ಒಂದು ಚುರುಕಾದ ಮಾದರಿಯನ್ನು ಸಿದ್ಧಪಡಿಸಲು ಹೊರಟರು. 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಗಾಲ್ಫ್ ಜಿ.ಟಿ.ಐ. ಎಂಬ ಹೆಸರಿನಲ್ಲಿ ಹೊರಬಂತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಕೇವಲ 810 ಕಿಲೋಗ್ರಾಂ. ಐದು ಸಾವಿರ ಕಾರು ಮಾರಿದರೆ ಸಾಕು ಎಂದು ಕಂಪನಿ ಅಂದುಕೊಂಡಿತ್ತು. ಆ ಮೊದಲ ಪೀಳಿಗೆಯೇ 4,60,000ಕ್ಕಿಂತ ಹೆಚ್ಚು ಮಾರಾಟವಾಯಿತು.

ಅದೇ ಕಾಲಕ್ಕೆ ಪೋರ್ಷೆ ಕಂಪನಿ 924 ಎಂಬ ಕ್ರೀಡಾ ಕಾರನ್ನು ಹೊರತಂದಿತು. 125 ಅಶ್ವಶಕ್ತಿ, 1,080 ಕಿಲೋಗ್ರಾಂ. ಎರಡನ್ನೂ ಭಾಗಿಸಿ ನೋಡಿ. ಗಾಲ್ಫ್‌ಗೆ ಪ್ರತಿ ಟನ್ನಿಗೆ 136 ಅಶ್ವಶಕ್ತಿ, ಪೋರ್ಷೆಗೆ 116. ಜಿ.ಟಿ.ಐ. ಬೆಲೆ 14,000 ಮಾರ್ಕಿನೊಳಗೆ, 924ರದು 23,000ಕ್ಕಿಂತ ಹೆಚ್ಚು. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಎಂದು ನ್ಯೂಟನ್ ಹೇಳಿದ್ದಾರಷ್ಟೆ. ಬಲವನ್ನು ಹೆಚ್ಚಿಸಲಾಗದವನು ತೂಕ ಇಳಿಸಿ ಅದೇ ಫಲ ಪಡೆಯಬಹುದು. ಬಡವನಿಗೆ ಭೌತಶಾಸ್ತ್ರ ಕೊಟ್ಟ ರಿಯಾಯಿತಿ ಇದು.

ಆದರೆ ರಿಯಾಯಿತಿಗೆ ಒಂದು ಮಿತಿಯೂ ಇದೆ. ಗಾಲ್ಫ್‌ನ ಗರಿಷ್ಠ ವೇಗ ಗಂಟೆಗೆ 182 ಕಿ.ಮೀ., ಪೋರ್ಷೆಯದು 200. ಹೆಚ್ಚು ವೇಗದಲ್ಲಿ ಕಾರಿನ ಶತ್ರು ತೂಕವಲ್ಲ, ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 182ರಿಂದ 200ಕ್ಕೆ ಹೋಗಬೇಕಾದರೆ ವೇಗ ಹೆಚ್ಚುವುದು ಶೇಕಡಾ 10ರಷ್ಟು, ಸಾಮರ್ಥ್ಯ ಹೆಚ್ಚಬೇಕಾದದ್ದು ಶೇಕಡಾ 33ರಷ್ಟು. ಅಂದರೆ ಚೌಕಾಕಾರದ ಗಾಲ್ಫ್‌ಗೆ ಸುಮಾರು 146 ಅಶ್ವಶಕ್ತಿ ಬೇಕಾಗುತ್ತಿತ್ತು. ತಗ್ಗಾದ, ಮೂತಿ ಚೂಪಾದ ಪೋರ್ಷೆ 125ರಲ್ಲೇ ಆ ಕೆಲಸ ಮುಗಿಸಿತು.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಊರೊಳಗಿನ ವೇಗದಲ್ಲಿ, ಅಂಕುಡೊಂಕಿನ ರಸ್ತೆಯಲ್ಲಿ ಹಗುರವಾದ ಪುಟ್ಟ ಕಾರು ದುಬಾರಿ ಕಾರಿನ ಸಮಕ್ಕೆ ನಿಲ್ಲಬಲ್ಲದು. ಹಾಗಾದರೆ ಅದಕ್ಕೆ ಇನ್ನಷ್ಟು ಅಶ್ವಶಕ್ತಿ ತುಂಬುತ್ತಾ ಹೋದರೆ? ಆ ಹುಡುಗನ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

ನಿಂತ ಬಸ್ಸು ಹಠಾತ್ತನೆ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಿ. ಕಾರಿಗೂ ಹಾಗೆಯೇ. ವೇಗ ಹೆಚ್ಚಿಸಿಕೊಳ್ಳುವಾಗ ಅದರ ಭಾರದ ಒಂದು ಪಾಲು ಮುಂದಿನ ಚಕ್ರಗಳನ್ನು ಬಿಟ್ಟು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಬಹುಪಾಲು ಹ್ಯಾಚ್‌ಬ್ಯಾಕ್‌ಗಳಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಯಾವ ಚಕ್ರಗಳು ರಸ್ತೆಯನ್ನು ಬಿಗಿಯಾಗಿ ಹಿಡಿಯಬೇಕೋ, ಅವುಗಳ ಮೇಲಿನ ಭಾರವೇ ಕಡಿಮೆಯಾಗುತ್ತದೆ.

ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ. ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾಂಕ 1 ಎಂದಿಟ್ಟುಕೊಳ್ಳಿ. ಒಳ್ಳೆಯ ಟೈರು, ಒಣಗಿದ ರಸ್ತೆ ಇದ್ದರೆ ಇದು ನ್ಯಾಯವಾದ ಅಂದಾಜು. ಕಾರಿನ ಗುರುತ್ವಕೇಂದ್ರದ ಎತ್ತರ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದ ಐದನೇ ಒಂದು ಭಾಗ ಇರಲಿ. ನಿಂತಾಗ ಭಾರದ ಶೇಕಡಾ 60 ಮುಂದಿದೆ ಎನ್ನಿ. ಕಾರು ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 4.9 ಮೀಟರ್ ದರದಲ್ಲಿ ನುಗ್ಗಿದಾಗ, ಭಾರದ ಶೇಕಡಾ 10 ಹಿಂದಕ್ಕೆ ಹೋಗಿ ಮುಂದೆ ಉಳಿಯುವುದು 50. ಅರ್ಧ ಭಾರ, ಅರ್ಧ ಹಿಡಿತ. ಅಲ್ಲಿಗೆ ಮುಗಿಯಿತು. ಇದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ಚಕ್ರ ನಿಂತಲ್ಲೇ ಸುತ್ತಿ ರಬ್ಬರು ಸುಡುತ್ತದೆ, ಅಷ್ಟೆ. ಈ ದರದಲ್ಲಿ ಗಂಟೆಗೆ 100 ಕಿ.ಮೀ. ಮುಟ್ಟಲು ಸುಮಾರು 5.7 ಸೆಕೆಂಡು ಬೇಕು.

ಇನ್ನು ಪೋರ್ಷೆ 911. ಅದರ ಎಂಜಿನ್ ಇರುವುದು ಹಿಂಭಾಗದಲ್ಲಿ. ಭಾರದ ಸುಮಾರು ಶೇಕಡಾ 60 ಹಿಂದಿನ ಚಕ್ರಗಳ ಮೇಲೆ. ಕಾರು ನುಗ್ಗಿದಂತೆ ಇನ್ನೂ 15 ಅಲ್ಲಿಗೇ ಬಂದು ಸೇರುತ್ತದೆ. 75 ಭಾರ, 75 ಹಿಡಿತ. ಅದೇ 100 ಕಿ.ಮೀ. ವೇಗಕ್ಕೆ 3.8 ಸೆಕೆಂಡು ಸಾಕು. ಎಲ್ಲ ನಾಲ್ಕು ಚಕ್ರಗಳನ್ನೂ ಓಡಿಸುವ ಕಾರಿಗೆ ಭಾರ ಎಲ್ಲಿಗೆ ಹೋದರೂ ಚಿಂತೆಯಿಲ್ಲ.

ಇದು ಸರಳಗೊಳಿಸಿದ ಲೆಕ್ಕ ಎಂಬುದನ್ನು ಮರೆಯಬೇಡಿ. ಆದರೂ ಕಂಪನಿಗಳು ಕೊಡುವ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. 2023ರಲ್ಲಿ ಯೂರೋಪಿನಲ್ಲಿ ಮಾರಾಟವಾದ ಹೋಂಡಾ ಸಿವಿಕ್ ಟೈಪ್ ಆರ್ ಕಾರಿಗೆ 329 ಅಶ್ವಶಕ್ತಿ. 100 ಮುಟ್ಟಲು 5.4 ಸೆಕೆಂಡು. ಎಂಬತ್ತಕ್ಕೂ ಹೆಚ್ಚು ಅಶ್ವಶಕ್ತಿ ಕಡಿಮೆಯಿರುವ, 245 ಅಶ್ವಶಕ್ತಿಯ ಗಾಲ್ಫ್ ಜಿ.ಟಿ.ಐ.ಗೆ ಆರು ಸೆಕೆಂಡಿಗಿಂತ ತುಸು ಹೆಚ್ಚು. ಇಬ್ಬರ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು ಮಾತ್ರ. ಗೋಡೆ ಎದುರಾಗಿರುವುದು ಎಂಜಿನ್ನಿಗಲ್ಲ, ಟೈರಿಗೆ.

ತಿರುವಿನಲ್ಲಿ ಕಷ್ಟ ಇನ್ನೂ ಹೆಚ್ಚು. ಮುಂದಿನ ಟೈರು ಕಾರನ್ನು ಎಳೆಯಬೇಕು, ತಿರುಗಿಸಲೂ ಬೇಕು. ಟೈರಿನ ಹಿಡಿತ ಒಟ್ಟು 100 ಇದ್ದು, ತಿರುಗಲು 80 ಖರ್ಚಾದರೆ ಎಳೆಯಲು ಉಳಿಯುವುದೆಷ್ಟು? 20 ಎಂದಿರಾ? ಅಲ್ಲ. ಎರಡು ಬಲಗಳೂ ಲಂಬಕೋನದಲ್ಲಿರುವುದರಿಂದ ಪೈಥಾಗೊರಸನ ಪ್ರಮೇಯ ಅನ್ವಯಿಸುತ್ತದೆ, ಉಳಿಯುವುದು 60. ಚಾಲಕ ಅದಕ್ಕಿಂತ ಹೆಚ್ಚು ಕೇಳಿದರೆ ಕಾರು ತಿರುಗುವುದನ್ನು ಬಿಟ್ಟು ನೇರವಾಗಿ ರಸ್ತೆಯಂಚಿಗೆ ಜಾರುತ್ತದೆ. ಹಿಂಬದಿ ಚಕ್ರ ಓಡುವ ಕಾರಿನಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಟೈರುಗಳಿಗೆ ಹಂಚಿಹೋಗಿರುತ್ತವೆ.

ಈ ಕಷ್ಟದ ನಡುವೆಯೂ ಪುಟ್ಟ ಕಾರುಗಳ ಎಂಜಿನಿಯರುಗಳು ಎಷ್ಟು ದೂರ ಹೋಗಿದ್ದಾರೆ ಎಂಬುದನ್ನು ನೋಡಿದರೆ ನನಗಂತೂ ಬೆರಗಾಗುತ್ತದೆ. ಅಳತೆಗೋಲು ಜರ್ಮನಿಯ ನೂರ್‌ಬರ್ಗ್‌ರಿಂಗ್. 1927ರಲ್ಲಿ ತೆರೆದ, ಕಾಡುಗುಡ್ಡಗಳ ನಡುವೆ ಏರಿಳಿಯುವ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಓಟದ ರಸ್ತೆ. 1999ರಲ್ಲಿ ವಾಲ್ಟರ್ ರೋರ್ಲ್ ಎಂಬ ಪ್ರಸಿದ್ಧ ಚಾಲಕ 360 ಅಶ್ವಶಕ್ತಿಯ ಪೋರ್ಷೆ 911 ಜಿ.ಟಿ.3 ಕಾರಿನಲ್ಲಿ ಅದನ್ನು 7 ನಿಮಿಷ 56 ಸೆಕೆಂಡಿನಲ್ಲಿ ಸುತ್ತಿದಾಗ ಮೋಟಾರು ಪ್ರಪಂಚ ಮೂಗಿನ ಮೇಲೆ ಬೆರಳಿಟ್ಟಿತು. ಹದಿನೆಂಟು ವರ್ಷಗಳ ನಂತರ, 2017ರಲ್ಲಿ, ಐದು ಬಾಗಿಲಿನ ಹೋಂಡಾ ಸಿವಿಕ್ ಟೈಪ್ ಆರ್ ಅದೇ ಸುತ್ತನ್ನು 7 ನಿಮಿಷ 43.8 ಸೆಕೆಂಡಿನಲ್ಲಿ ಮುಗಿಸಿತು. ಅದಕ್ಕಿದ್ದದ್ದು 320 ಅಶ್ವಶಕ್ತಿ, ಓಡುತ್ತಿದ್ದದ್ದು ಮುಂದಿನ ಚಕ್ರಗಳು!

ಇದು ಸಾಧ್ಯವಾದದ್ದು ಅಗಲವಾದ ಟೈರು, ರಸ್ತೆಗೆ ಅಂಟುವ ರಬ್ಬರು, ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ ಮತ್ತು ವಿಶೇಷ ಡಿಫರೆನ್ಷಿಯಲ್‌ನಿಂದ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ತಿರುವಿನ ಒಳಭಾಗದ, ಭಾರ ಕಳೆದುಕೊಂಡ ಚಕ್ರ ವ್ಯರ್ಥವಾಗಿ ಸುತ್ತುತ್ತದೆ, ಹೊರಚಕ್ರವೂ ಸೊರಗುತ್ತದೆ. ಈ ವಿಶೇಷ ಬಗೆಯದು ಶಕ್ತಿಯನ್ನು ಹಿಡಿತವಿರುವ ಹೊರಚಕ್ರದ ಕಡೆಗೆ ತಿರುಗಿಸುತ್ತದೆ.

ಹಾಗಾದರೆ ಪುಟ್ಟ ಕಾರು ಗೆದ್ದಿತೇ? ಗೆದ್ದದ್ದು ಹದಿನೆಂಟು ವರ್ಷ ಹಳೆಯ ಪೋರ್ಷೆಯನ್ನು. ಪೋರ್ಷೆಯೂ ಸುಮ್ಮನೆ ಕೂತಿರಲಿಲ್ಲ. ಇತ್ತೀಚೆಗೆ ಸುತ್ತನ್ನು 20.832 ಕಿ.ಮೀ. ಎಂದು ಪೂರ್ಣವಾಗಿ ಅಳೆಯುತ್ತಾರೆ. ಆ ಅಳತೆಯಲ್ಲಿ 2023ರ ಟೈಪ್ ಆರ್ ತೆಗೆದುಕೊಂಡದ್ದು 7 ನಿಮಿಷ 44.881 ಸೆಕೆಂಡು, 2021ರ ಜಿ.ಟಿ.3 ತೆಗೆದುಕೊಂಡದ್ದು 6 ನಿಮಿಷ 59.927 ಸೆಕೆಂಡು. ಸರಾಸರಿ ವೇಗಕ್ಕೆ ತಿರುಗಿಸಿದರೆ ಗಂಟೆಗೆ 161 ಮತ್ತು 179 ಕಿ.ಮೀ. ಇನ್ನೊಂದು ವಿಷಯ. 2019ರಲ್ಲಿ ಇದೇ ಅಳತೆಯನ್ನು 7 ನಿಮಿಷ 45.389 ಸೆಕೆಂಡಿನಲ್ಲಿ ಮುಗಿಸಿದ ರೆನೊ ಮೆಗಾನ್ ಟ್ರೋಫಿ ಆರ್ ಕಾರಿನಲ್ಲಿ ತೂಕ ಇಳಿಸಲು ಹಿಂದಿನ ಸೀಟನ್ನೇ ಕಿತ್ತುಹಾಕಿದ್ದರು. ಅಜ್ಜಿಯನ್ನು ಕೂರಿಸಲಾಗದ ಕಾರನ್ನು ಮನೆಬಳಕೆಯ ಹ್ಯಾಚ್‌ಬ್ಯಾಕ್ ಎನ್ನಲು ನನಗೆ ಮನಸ್ಸಾಗದು.

ಒಂದು ಸುತ್ತಿನ ಮಾತು ಇದು. ಹತ್ತು ಸುತ್ತು ಓಡಿಸಿದರೆ ಏನಾಗುತ್ತದೆ? ಗಂಟೆಗೆ 200 ಕಿ.ಮೀ. ವೇಗದಲ್ಲಿರುವ 1,430 ಕಿಲೋಗ್ರಾಂ ಕಾರಿನ ಚಲನಶಕ್ತಿ ಸುಮಾರು 22 ಲಕ್ಷ ಜೌಲ್. ಅದನ್ನು ನಿಲ್ಲಿಸಿದಾಗ ಬಹುತೇಕ ಅಷ್ಟೂ ಶಕ್ತಿ ಬ್ರೇಕಿನಲ್ಲಿ ಶಾಖವಾಗುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದಷ್ಟು ಶಾಖ, ಕೆಲವೇ ಸೆಕೆಂಡುಗಳಲ್ಲಿ! ಮುಂದಿನ ತಿರುವಿನಲ್ಲಿ ಮತ್ತೊಮ್ಮೆ, ಅದರ ಮುಂದೆ ಮತ್ತೊಮ್ಮೆ. ಬ್ರೇಕ್ ಕಾದು ಕೆಂಪಾದಂತೆ ಅದರ ಹಿಡಿತ ಕುಂದುತ್ತದೆ. ದುಬಾರಿ ಕಾರಿಗೆ ತೆರುವ ಹಣದ ದೊಡ್ಡ ಪಾಲು ಹೋಗುವುದು ಹೀಗೆ ಮತ್ತೆ ಮತ್ತೆ ಮಾಡಿದರೂ ದಣಿಯದ ಬ್ರೇಕು, ಎಣ್ಣೆ ತಣಿಸುವ ವ್ಯವಸ್ಥೆ, ಗೇರುಪೆಟ್ಟಿಗೆಗಳಿಗೆ. ಜಾಹೀರಾತಿನಲ್ಲಿ ಇವು ಕಾಣುವುದಿಲ್ಲ.

ಗೋಡೆಯನ್ನು ಒಡೆದ ಹ್ಯಾಚ್‌ಬ್ಯಾಕ್‌ಗಳೂ ಇವೆ. 2019ರಲ್ಲಿ ಬಂದ ಮರ್ಸಿಡಿಸ್ ಎ.ಎಂ.ಜಿ. ಎ45 ಎಸ್ ಎರಡು ಲೀಟರಿನ ಎಂಜಿನ್ನಿನಿಂದಲೇ 421 ಅಶ್ವಶಕ್ತಿ ತೆಗೆದು, ನಾಲ್ಕೂ ಚಕ್ರಗಳಿಗೆ ಹಂಚಿ, 3.9 ಸೆಕೆಂಡಿನಲ್ಲಿ 100 ಮುಟ್ಟಿತು. ನಿಜ, ಇದು ಸರಿಸಾಟಿ. ಆದರೆ 2021ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ ಸುಮಾರು 80 ಲಕ್ಷ ರೂಪಾಯಿ. ಗೋಡೆ ಒಡೆಯುವ ಹೊತ್ತಿಗೆ ಪುಟ್ಟ ಕಾರು ತಾನೇ ದುಬಾರಿ ಕಾರಾಗಿತ್ತು.

ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆಟುಕುವಂತೆ ಬಂದ 'ಸ್ಪೋರ್ಟಿ' ಮಾದರಿಗಳ ಕಥೆ ಬೇರೆ. 2017ರ ಮಾರುತಿ ಬಲೆನೊ ಆರ್.ಎಸ್.ಗೆ 102 ಅಶ್ವಶಕ್ತಿ, 950 ಕಿಲೋಗ್ರಾಂ, ಟನ್ನಿಗೆ 107. ನಲವತ್ತು ವರ್ಷ ಹಿಂದಿನ ಜಿ.ಟಿ.ಐ.ಗಿಂತ ಕಡಿಮೆ! 2021ರ ಹ್ಯೂಂಡೈ ಐ20 ಎನ್ ಲೈನ್‌ನಲ್ಲಿದ್ದದ್ದು ಆಗಿನ ಸಾಧಾರಣ ಐ20 ಟರ್ಬೊದ 120 ಅಶ್ವಶಕ್ತಿಯ ಎಂಜಿನ್ನೇ. ಬದಲಾದದ್ದು ಬಿಗಿಯಾದ ಸಸ್ಪೆನ್ಷನ್, ಹಿಂದಿನ ಡಿಸ್ಕ್ ಬ್ರೇಕ್, ಸೈಲೆನ್ಸರಿನ ದನಿ. ಇವು ಪೋರ್ಷೆಯನ್ನು ಹಿಡಿಯುವ ಕಾರುಗಳಲ್ಲ. ಆದರೆ ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಇಪ್ಪತ್ತು ಅಶ್ವಶಕ್ತಿ ಹೆಚ್ಚಿಸುವುದಕ್ಕಿಂತ ಪ್ರಾಮಾಣಿಕವಾದ ಕೆಲಸ.

ಈಗ ಆ ಹುಡುಗನ ಸ್ವಿಫ್ಟ್‌ಗೆ ಬರೋಣ. ಸುಮಾರು 900 ಕಿಲೋಗ್ರಾಂ ತೂಕದ ಆ ಕಾರಿಗೆ ಟರ್ಬೊ ಹಾಕಿ 180 ಅಶ್ವಶಕ್ತಿ ಬರಿಸಿದೆವು ಎನ್ನೋಣ. ಟನ್ನಿಗೆ 200. ಕಾಗದದ ಮೇಲೆ ಇದು ಗಾಲ್ಫ್ ಜಿ.ಟಿ.ಐ.ಯ ಜಾತಿಗೆ ಸೇರಿತು. ಆದರೆ ಸ್ವಿಫ್ಟ್‌ನ ಕೆಳದರ್ಜೆಯ ಮಾದರಿಗೆ ಬಂದಿರುವುದು 165 ಮಿಲಿಮೀಟರ್ ಅಗಲದ ಟೈರು. ಟೈಪ್ ಆರ್‌ಗೆ 265. ಹಿಂದಿನ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ವೇಗ ಒಂದೂವರೆ ಪಟ್ಟಾದರೆ ಆ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಾಖ ಎರಡೂಕಾಲು ಪಟ್ಟು. ಮಳೆ ಬಿದ್ದ ರಸ್ತೆಯಲ್ಲಿ ನಾವು 1 ಎಂದುಕೊಂಡ ಘರ್ಷಣಾಂಕವೂ ಉಳಿಯುವುದಿಲ್ಲ. ಜೊತೆಗೆ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ಆದ್ದರಿಂದ, ಮಗೂ, ಹಸಿರು ದೀಪ ಬಿದ್ದ ಮೇಲೆ ಮೊದಲ ಒಂದೆರಡು ಸೆಕೆಂಡು ನಿನ್ನ ಸ್ವಿಫ್ಟ್ ಪೋರ್ಷೆಯ ಪಕ್ಕದಲ್ಲೇ ಇದ್ದಂತೆ ಕಾಣಬಹುದು. ಮೂರನೆಯ ಸೆಕೆಂಡಿನಲ್ಲಿ ಅದರ ಹಿಂದಿನ ದೀಪ ಕಾಣುತ್ತದೆ. ಮೊದಲ ತಿರುವಿಗೆ ಬ್ರೇಕ್ ಒತ್ತುವಾಗ, ಪೋರ್ಷೆಯವನು ಎಷ್ಟು ತಡವಾಗಿ ಒತ್ತಿದ ಎಂಬುದನ್ನು ನೋಡಿ ನೀನೂ ಹಾಗೆಯೇ ಒತ್ತಲು ಹೋಗಬೇಡ.