ಎಂಟು ನಿಮಿಷದ ಹಾರಾಟ, ಒಂದು ಕ್ಷಣದ ನಿರ್ಧಾರ

‘ಎಷ್ಟು ಕೊಟ್ರಿ? ಎಷ್ಟು ದೂರ ಹೋಗುತ್ತೆ? ಬಿದ್ರೆ ಏನ್ ಮಾಡ್ತೀರಿ?’ ರೇಡಿಯೊ ಕಂಟ್ರೋಲ್ ವಿಮಾನ ಹಿಡಿದು ಬಯಲಿಗಿಳಿದ ಯಾರಿಗೂ ಈ ಮೂರು ಪ್ರಶ್ನೆ ತಪ್ಪಿದ್ದಲ್ಲ. ಮೊದಲೆರಡಕ್ಕೆ ಉತ್ತರ ಹೇಳೋದು ಸುಲಭ. ಈ ಹವ್ಯಾಸದಲ್ಲಿ ನಿಜವಾಗಿ ಕಲಿಯಬೇಕಾದ್ದು ಮೂರನೆಯದಕ್ಕೆ ಉತ್ತರ.

ಎಲೆಕ್ಟ್ರಿಕ್ ಮಾದರಿ ವಿಮಾನ ಹೊಸದೇನಲ್ಲ. 1957ರಲ್ಲೇ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಎಂಬುವವರು ರೇಡಿಯೊ ನಿಯಂತ್ರಣದ ವಿದ್ಯುತ್ ವಿಮಾನ ಹಾರಿಸಿದ್ದರು. ಆದರೆ ಇದು ನಮ್ಮಂಥವರ ಕೈಗೆ ಸಿಕ್ಕಿದ್ದು ಹಗುರವಾದ ಲಿಪೊ ಬ್ಯಾಟರಿ ಮತ್ತು ಬ್ರಷ್‌ಲೆಸ್ ಮೋಟಾರ್ ಬಂದ ಮೇಲೆ. ನನ್ನ ವಿಮಾನದ ಮೈಯೆಲ್ಲ ಫೋಮ್. ತೂಕ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಮೂರು ಸೆಲ್‌ಗಳ 2200 ಎಂಎಎಚ್ ಬ್ಯಾಟರಿ. ಮೋಟಾರು ಸರಾಸರಿ 13 ಆಂಪಿಯರ್ ಎಳೆದರೆ ಹತ್ತು ನಿಮಿಷಕ್ಕೆ ಬ್ಯಾಟರಿ ಪೂರ್ತಿ ಖಾಲಿ. ಲಿಪೊವನ್ನು ಹಾಗೆ ಹಿಂಡಿದರೆ ಕೆಟ್ಟುಹೋಗುತ್ತದೆ. ಹಾಗಾಗಿ ಶೇ 80ರಷ್ಟು ಬಳಸಿ ಇಳಿಸಿಬಿಡಬೇಕು. ಅಂದರೆ ಎಂಟು ನಿಮಿಷ, ಅಷ್ಟೇ. ವಾರವಿಡೀ ಕಾದು, ಬೆಳಗ್ಗೆ ಐದಕ್ಕೆದ್ದು ಹೋಗೋದು ಈ ಎಂಟು ನಿಮಿಷಕ್ಕೆ!

ಇನ್ನು ದೂರದ ಮಾತು. ವಿಮಾನ ಯಾವ ಕಡೆ ಮುಖ ಮಾಡಿದೆ ಅಂತ ಕಣ್ಣಿಗೆ ಗೊತ್ತಾಗುವಷ್ಟು ದೂರ ಮಾತ್ರ. ಹೊಸಬರು ಎಡವೋದು ಇಲ್ಲೇ. ವಿಮಾನ ನಮ್ಮಿಂದ ದೂರ ಹೋಗುವಾಗ ಬಲ ಅಂದರೆ ಬಲ. ತಿರುಗಿ ನಮ್ಮತ್ತ ಬರುವಾಗ ಅದರ ಬಲ ನಮಗೆ ಎಡ. ಇದಕ್ಕೊಂದು ಹಳೇ ಉಪಾಯವಿದೆ: ನಿಮ್ಮತ್ತ ಬರುವಾಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ರೆಕ್ಕೆ ಮೇಲೇಳುತ್ತದೆ. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಇದು ಬೆರಳಿಗೆ ಹತ್ತುವ ತನಕ ಬಯಲಿಗೆ ಹೋಗೋದು ಬೇಡ.

ಬಯಲು ಸಿಗೋದೂ ಸುಲಭವಲ್ಲ. ಬೆಂಗಳೂರಿನ ಸುತ್ತ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಹೀಗೆ ನಿಜವಾದ ವಿಮಾನಗಳ ಜಾಗಗಳೇ ಇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ಗುರುತಿಸಿದ್ದಾರೆ. ಮೋಜಿಗಾಗಿ ಹಾರಿಸುವ ಮಾದರಿ ವಿಮಾನ ಕಣ್ಣಳತೆಯಲ್ಲೇ ಇರಬೇಕು. ಹೊರಡುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯನ್ನೂ ಆಗಿನ ನಿಯಮಗಳನ್ನೂ ನೋಡಿಕೊಳ್ಳೋದು ಒಳ್ಳೆಯದು. ನಾವು ಮೂವರು ಗೆಳೆಯರು ಮಾಗಡಿ ಕಡೆಯ ಒಂದು ಹೊಲಕ್ಕೆ ಹೋಗುತ್ತೇವೆ. ರಾಗಿ ಕೊಯ್ಲಾದ ಮೇಲೆ ಮುಂಗಾರಿನವರೆಗೆ ಅದು ಖಾಲಿ. ಹೊಲದ ಯಜಮಾನರ ಒಪ್ಪಿಗೆಯೂ ಇದೆ.

ಹೋದ ಜನವರಿಯಲ್ಲಿ ಅದೇ ಹೊಲದಲ್ಲಿ ಮೂರನೇ ಪ್ರಶ್ನೆ ಎದುರಾಯಿತು. ಟೈಮರ್ ಕೂಗಿತ್ತು. ಗಾಳಿಗೆ ಎದುರಾಗಿ ವಿಮಾನ ಇಳಿಸುತ್ತಿದ್ದೆ. ಆಳೆತ್ತರಕ್ಕಿಂತ ಸ್ವಲ್ಪ ಮೇಲಿತ್ತು ಅಷ್ಟೆ. ಅಷ್ಟರಲ್ಲಿ ಬದುವಿನ ಆಚೆಯಿಂದ ‘ಇಳೀತೈತೆ, ಬರ್ರೋ!’ ಅಂತ ಐದಾರು ಮಕ್ಕಳು ನೇರ ಇಳಿಯುವ ದಾರಿಗೇ ಓಡಿಬಂದರು. ಪಕ್ಕದಲ್ಲಿ ಕಾವಲಿಗೆ ನಿಂತಿದ್ದ ಗೆಳೆಯ ಕೂಗಿದ. ಮತ್ತೆ ಮೇಲಕ್ಕೆತ್ತಬೇಕೆಂದರೆ ಪ್ರೊಪೆಲ್ಲರನ್ನು ಪೂರ್ತಿ ವೇಗದಲ್ಲಿ ತಿರುಗಿಸಿ ಮಕ್ಕಳ ತಲೆಯ ಮೇಲೇ ಹಾಯಿಸಬೇಕಿತ್ತು. ಬ್ಯಾಟರಿ ಅಷ್ಟು ಶಕ್ತಿ ಕೊಡುತ್ತದೆಂಬ ಖಾತ್ರಿಯಿಲ್ಲ. ಥ್ರಾಟಲ್ ಸೊನ್ನೆಗೆ ತಂದು ಎಡಕ್ಕೆ, ಲಂಟಾನ ಪೊದೆಯತ್ತ ತಿರುಗಿಸಿದೆ. ಚಟ್ ಅಂತ ಶಬ್ದ. ಎರಡು ತಿಂಗಳು ಸಂಜೆಗಳನ್ನೆಲ್ಲ ಹಾಕಿ ಕಟ್ಟಿದ್ದ ರೆಕ್ಕೆ ಎರಡು ಹೋಳು.

ಯಾರಿಗೂ ಏನೂ ಆಗಲಿಲ್ಲ. ಬಾಡಿದ ಮುಖ ಮಾಡಿಕೊಂಡು ನಿಂತಿದ್ದ ಮಕ್ಕಳನ್ನೂ ನನ್ನನ್ನೂ ನೋಡಿದ ಯಜಮಾನರು, ‘ಹೋಗ್ಲಿ ಬಿಡಪ್ಪ, ರೆಕ್ಕೆ ಅಂಟಿಸ್ಬೋದು’ ಅಂದರು. ಅಂಟಿಸಿದೆವು ಕೂಡ: ಎಪಾಕ್ಸಿ ಅಂಟು, ಒಳಗೊಂದು ಬಿದಿರು ಕಡ್ಡಿ. ಆಮೇಲೆ ಹೊಲದಲ್ಲಿ ಸುಣ್ಣದ ಗೆರೆ ಬಂತು. ಗೆರೆ ದಾಟುವಂತಿಲ್ಲ ಅಂತ ಕಾಯೋ ಕೆಲಸ ಈಗ ಆ ಮಕ್ಕಳದ್ದೇ. ನಮಗಿಂತ ಕಟ್ಟುನಿಟ್ಟು!

‘ನಮ್ಮ ಮಗನಿಗೂ ಕೊಡಿಸಬಹುದಾ?’ ಅಂತ ಕೇಳುವ ತಂದೆತಾಯಂದಿರಿಗೆ ಧಾರಾಳವಾಗಿ ಕೊಡಿಸಿ ಅಂತಲೇ ಹೇಳುತ್ತೇನೆ. ಮಗಳಿಗೂ ಕೊಡಿಸಿ. ಗಾಳಿ, ಸಮತೋಲ, ವಿದ್ಯುತ್ತು ಎಲ್ಲ ಕೈಯಲ್ಲೇ ಅರ್ಥವಾಗುತ್ತವೆ. ಆದರೆ ಕೆಲವು ಮಾತು ನೆನಪಿರಲಿ. ಮೊದಲು ರಿಮೋಟ್ ಆನ್ ಮಾಡಿ ಆಮೇಲೆ ವಿಮಾನದ ಬ್ಯಾಟರಿ ಜೋಡಿಸಬೇಕು, ಇಳಿದ ಮೇಲೆ ಮೊದಲು ವಿಮಾನದ ಬ್ಯಾಟರಿಯನ್ನೇ ತೆಗೆಯಬೇಕು. ಬ್ಯಾಟರಿ ಜೋಡಿಸಿದ ಮೇಲೆ ಪ್ರೊಪೆಲ್ಲರಿನ ಎದುರು ಕೈ, ಮುಖ ತರಬಾರದು. ಸಿಗ್ನಲ್ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿರಬೇಕು. ಉಬ್ಬಿದ ಲಿಪೊವನ್ನು ಚಾರ್ಜ್ ಮಾಡಲೇಬಾರದು. ಚೆನ್ನಾಗಿರುವುದನ್ನೂ ಚಾರ್ಜಿಗೆ ಹಾಕಿ ಮಲಗಬಾರದು, ಬೆಂಕಿ ಹೊತ್ತಿದರೆ ಆರಿಸೋದು ಕಷ್ಟ.

ಇಷ್ಟೆಲ್ಲ ಹೇಳಿಕೊಟ್ಟ ಮೇಲೆ ಇನ್ನೊಂದು ಮಾತನ್ನೂ ಹೇಳಿಕೊಡಿ. ವಿಮಾನ ಉಳಿಸಬೇಕೋ ಎದುರಿಗಿರುವವರನ್ನೋ ಎಂಬ ಗಳಿಗೆ ಬಂದರೆ ಯೋಚಿಸಲು ಸಮಯ ಇರುವುದಿಲ್ಲ. ಆ ಉತ್ತರವನ್ನು ನೆಲದ ಮೇಲಿರುವಾಗಲೇ ತೀರ್ಮಾನಿಸಿಕೊಂಡಿರಬೇಕು.